ಬಿರುಕು ಬಿಡದ ಎರೆ: ಮಲಪ್ರಭಾ ಕಣಿವೆಯ ಜವಳು ಮಣ್ಣನ್ನು ಓದುವ ಬಗೆ

ನೀರು ಬಸಿಯದ ನೆಲದ ಗುರುತುಗಳನ್ನು ಶಾಸ್ತ್ರವಾಗಿ ಬರೆದಿಟ್ಟವರು ಹೆಚ್ಚಾಗಿ ಶೀತದೇಶದ ವಿದ್ವಾಂಸರು. 1905ರಲ್ಲಿ ಜಿ. ಎನ್. ವೈಸೋಟ್ಸ್ಕಿ ತಮ್ಮ ಸೀಮೆಯ ರೈತರ ಬಾಯಲ್ಲಿದ್ದ ‘ಗ್ಲೇ’ ಎಂಬ ಮಾತನ್ನೇ ಎತ್ತಿಕೊಂಡು, ನೀರು ನಿಂತು ನೀಲಿಬೂದಿ ಬಣ್ಣಕ್ಕೆ ತಿರುಗಿದ ಜಿಗುಟು ಮಣ್ಣಿಗೆ ಅದನ್ನು ಪಾರಿಭಾಷಿಕ ಪದ ಮಾಡಿದರು. ಅಲ್ಲಿಂದ ಮುಂದೆ ಜವಳು ಮಣ್ಣೆಂದರೆ ಬೂದು ಬಣ್ಣ, ಅದರೊಳಗೆ ತುಕ್ಕಿನ ಚುಕ್ಕೆ, ಮೇಲೆ ಕೊಳೆಯದೆ ಉಳಿದ ಸಸ್ಯಶೇಷದ ಕಪ್ಪು ಪದರ ಎಂಬ ಚಿತ್ರ ಪಠ್ಯಗಳಲ್ಲಿ ನೆಲೆಯೂರಿತು. ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಣಿವೆ ತಳಕ್ಕೆ ಈ ಚಿತ್ರವನ್ನು ಹಿಡಿದುಕೊಂಡು ಹೋದರೆ ಏನಾಗುತ್ತದೆ? ಪಶ್ಚಿಮದ ಅಂಚಿನಲ್ಲಿ ಅದು ಹೊಂದುತ್ತದೆ. ಪೂರ್ವಕ್ಕೆ ಸಾಗಿದಂತೆ ಒಂದೊಂದೇ ಗುರುತು ಅಳಿಸಿಹೋಗುತ್ತದೆ. ಹಾನಿ ಹೆಚ್ಚಿರುವಲ್ಲೇ ಗುರುತು ಕಾಣದಾಗುವುದು ಈ ಲೇಖನದ ಕಾಳಜಿ.

ಶೀತಕಣಿವೆಯ ಕ್ರಮವನ್ನು ಮೊದಲು ನೋಡಬೇಕು. ಅಲ್ಲಿ ನೆಲದ ಸರಾಸರಿ ಉಷ್ಣತೆ 8 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ. ಸೂಕ್ಷ್ಮಜೀವಿಗಳ ಉಸಿರಾಟ ಮಂದ. ಬಿದ್ದ ಎಲೆ, ಸತ್ತ ಬೇರು ಪೂರ್ತಿ ಕೊಳೆಯುವ ಮೊದಲೇ ಮುಂದಿನ ವರ್ಷದ್ದು ಮೇಲೆ ಬೀಳುತ್ತದೆ. ಆವಿಯಾಗುವ ನೀರಿಗಿಂತ ಬೀಳುವ ನೀರು ಹೆಚ್ಚಾದ್ದರಿಂದ ಕರಗಿದ ಲವಣ ಕೆಳಕ್ಕೆ, ಹೊಳೆಗೆ ಹೋಗುತ್ತದೆ. ಹೀಗಾಗಿ ಆ ತಳಗಳಲ್ಲಿ ಸಸ್ಯಶೇಷ ಸೇರಿಕೊಳ್ಳುತ್ತದೆ, ಉಪ್ಪು ನಿಲ್ಲುವುದಿಲ್ಲ. ಮಲಪ್ರಭೆಯ ನಡುಕಣಿವೆಯಲ್ಲಿ ನೆಲದ ಸರಾಸರಿ ಉಷ್ಣತೆ 22 ಡಿಗ್ರಿಗೂ ಮೇಲು. ಹತ್ತು ಡಿಗ್ರಿ ಏರಿದರೆ ಉಸಿರಾಟ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಲೆಕ್ಕದಲ್ಲಿ, 8 ಡಿಗ್ರಿಯ ಮಣ್ಣಿಗಿಂತ 28 ಡಿಗ್ರಿಯ ಮಣ್ಣು ನಾಲ್ಕು ಪಟ್ಟು ಬೇಗ ಆಮ್ಲಜನಕ ತೀರಿಸಿಕೊಳ್ಳುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ತೀರಿದ್ದು ಮೇಲಿನಿಂದ ತುಂಬಿ ಬರುವುದಿಲ್ಲ. ಚಳಿನಾಡಿನ ಬೆಳೆ ವಾರಗಟ್ಟಲೆ ತಾಳುವ ನೀರನ್ನು ಇಲ್ಲಿಯ ಹತ್ತಿ, ಕಡಲೆ ಹೆಚ್ಚು ದಿನ ತಾಳದಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಕಿತ್ತೂರು ಮಲೆನಾಡಿನ ಸೆರಗು. ಏರಿನಲ್ಲಿ ಕೆಂಪು ಮಣ್ಣು, ತಗ್ಗಿನಲ್ಲಿ ಭತ್ತದ ಗದ್ದೆ. ಮುಂಗಾರಿನಲ್ಲಿ ತಿಂಗಳುಗಟ್ಟಲೆ ನೀರು ನಿಂತ ಗದ್ದೆಯ ಮಣ್ಣನ್ನು ಹಾರೆಯಿಂದ ಎಬ್ಬಿಸಿದರೆ ಬೂದು ಹೆಂಟೆಯೊಳಗೆ ಬೇರಿನ ಗುಂಟ ಇಟ್ಟಿಗೆ ಬಣ್ಣದ ಗೆರೆಗಳು ಕಾಣುತ್ತವೆ. ಭತ್ತದ ಬೇರು ತನ್ನ ಕೊಳವೆಯಲ್ಲಿ ಇಳಿಸಿದ ಗಾಳಿ, ಕರಗಿದ್ದ ಕಬ್ಬಿಣವನ್ನು ಮತ್ತೆ ತುಕ್ಕಾಗಿಸಿದ ಗೆರೆಗಳವು. ವೈಸೋಟ್ಸ್ಕಿ ಬಂದು ನೋಡಿದ್ದರೂ ಗುರುತಿಸುತ್ತಿದ್ದರು. ಮಳೆ ಜೋರು, ಇಳಿಜಾರು ಇದೆ, ಉಪ್ಪು ತೊಳೆದುಹೋಗುತ್ತದೆ. ಇಲ್ಲಿ ಪಠ್ಯಕ್ಕೂ ನೆಲಕ್ಕೂ ಜಗಳವಿಲ್ಲ.

ಬೈಲಹೊಂಗಲದಲ್ಲಿ ತೊಡಕು ಶುರುವಾಗುತ್ತದೆ. ದಖ್ಖನ್ನಿನ ಕಪ್ಪುಶಿಲೆ ಸವೆದು ಆದ ಮಣ್ಣು ಇದು. ದಿಬ್ಬದ ಮೇಲೆ ತೆಳು, ಅದರಡಿ ಗರಸು. ಹಳ್ಳದ ದಂಡೆಗೆ ಇಳಿದಂತೆ ಆಳ ಎರೆ. ದಿಬ್ಬದಲ್ಲಿ ಬಿದ್ದ ಮಳೆ ಗರಸಿನ ಪದರದೊಳಗೆ ಹರಿದು ತಗ್ಗಿನ ಹೊಲದ ಅಡಿಗೆ ಬಂದು ತಡೆಯುತ್ತದೆ. ಮೇಲಿನ ರೈತ ನೀರು ಸಾಲದೆಂದು ಕೊರಗುವಾಗ ಕೆಳಗಿನವನ ಹೊಲ ಹಸಿ ಆರದೆ ಕೂತಿರುತ್ತದೆ. ಒಂದೇ ಇಳುಕಲಿನ ಈ ಎರಡು ಹೊಲಗಳನ್ನು ಬೇರೆಬೇರೆ ಮಣ್ಣೆಂದು ನಕ್ಷೆಯಲ್ಲಿ ಬಣ್ಣ ಹಚ್ಚಿ ಬಿಟ್ಟರೆ ಅವುಗಳ ನಡುವಿನ ನಂಟು ಕಳೆದುಹೋಗುತ್ತದೆ.

ನಿಜವಾದ ಪ್ರಶ್ನೆ ಇರುವುದು ಸವದತ್ತಿಯಲ್ಲಿ. ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು ಬಂದ ಹೊಳೆ ನವಿಲುತೀರ್ಥದಲ್ಲಿ ಮರಳುಗಲ್ಲಿನ ಗುಡ್ಡವನ್ನು ಸೀಳಿ ಹೊರಬೀಳುತ್ತದೆ. 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ‘ಕಲಾದಗಿ’ ಎಂದು ಹೆಸರಿಟ್ಟ ಶಿಲಾಶ್ರೇಣಿ ಇದೇ. 1970ರ ದಶಕದ ಮೊದಲಲ್ಲಿ ಆ ಸೀಳಿಗೇ ಅಣೆಕಟ್ಟು ಬಂತು. ರೇಣುಕಾಸಾಗರ 37.73 ಟಿಎಂಸಿ ನೀರನ್ನು ಹಿಡಿದಿಟ್ಟಿತು, ಎಡ-ಬಲ ದಂಡೆಯ ಕಾಲುವೆಗಳು ಬಿಳಿಜೋಳ, ಕಡಲೆ, ಕುಸುಬಿ, ಹತ್ತಿ ಬೆಳೆಯುತ್ತಿದ್ದ ಎರೆಯ ಮೇಲೆ ಹರಿದವು. ಹಿಂಗಾರಿಯ ಈ ಎರೆ ತಾನೇ ಕುಡಿದಿಟ್ಟುಕೊಂಡ ಮಳೆನೀರಿನಲ್ಲಿ ಬೆಳೆ ತೆಗೆಯುತ್ತಿದ್ದ ಮಣ್ಣು. ಕಾಲುವೆ ನೀರು ಸಂದಿದ್ದು ಅಂಥ ಮಣ್ಣಿಗೆ. ಬಸಿಗಾಲುವೆ ಅದರ ಜೊತೆಜೊತೆಗೆ ಬರಲಿಲ್ಲ.

ಎರೆಯ ಗುಣವೆಲ್ಲ ಅದರ ಸ್ಮೆಕ್ಟೈಟ್ ಜೇಡಿಯಲ್ಲಿದೆ. ನೂರಕ್ಕೆ ಐವತ್ತು-ಅರವತ್ತು ಪಾಲು ಜೇಡಿ ಇರುವ ಹೊಲ ಈ ಭಾಗದಲ್ಲಿ ವಿಶೇಷವೇನಲ್ಲ. ಆ ಜೇಡಿಯ ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವ ಹೊತ್ತಿಗೆ ಹೊಲ ಬಾಯಿ ಬಿಡತೊಡಗಿ, ವೈಶಾಖಕ್ಕೆ ತೋಳು ಇಳಿಯುವಷ್ಟು ಬಿರುಕು. ಮೊದಲ ಮಳೆ ಆ ಬಿರುಕಿನೊಳಗಿಂದಲೇ ಮೊಳದಾಳ ದಾಟಿ ಕೆಳಗಿಳಿಯುತ್ತದೆ. ಮೇಲಿನ ಹುಡಿ ಮಣ್ಣೂ ಒಳಗೆ ಬಿದ್ದು ಕಾಲಾಂತರದಲ್ಲಿ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ‘ವರ್ಟಿಸಾಲ್’ ಎಂಬ ಹೆಸರು ಮಗುಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು ಇದಕ್ಕೇ. ಬಿರುಕು ಮುಚ್ಚಿದ ಮೇಲೆ ಮಾತ್ರ ನೀರು ಇಂಗುವುದು ತಾಸಿಗೆ ಕೆಲವೇ ಮಿಲಿಮೀಟರು, ಎಷ್ಟೋ ಕಡೆ ಅಷ್ಟೂ ಇಲ್ಲ. ಅಂದರೆ ಎರೆಗೆ ಬಿರುಕೇ ಬಸಿಗಾಲುವೆ, ಬಿರುಕೇ ಉಸಿರುಗೊಳವೆ. ವರ್ಷವಿಡೀ ಹಸಿ ಇಟ್ಟರೆ ಅದು ಮುಚ್ಚಿಯೇ ಇರುತ್ತದೆ.

ಇಂಥ ಮಣ್ಣಿನಲ್ಲಿ ಶೀತದೇಶದ ಗುರುತು ಹುಡುಕಿದವನಿಗೆ ಏನೂ ಸಿಗದಿರುವುದಕ್ಕೆ ಕಾರಣಗಳಿವೆ. ಎರೆಯ ಕಪ್ಪು ಸಸ್ಯಶೇಷ ಹೆಚ್ಚಿದ್ದರಿಂದ ಬಂದುದಲ್ಲ. ಸಾವಯವ ಇಂಗಾಲ ಅನೇಕ ಸಲ ನೂರಕ್ಕೆ ಒಂದಕ್ಕಿಂತ ಕಡಿಮೆ. ಜೇಡಿಯೊಂದಿಗೆ ಗಟ್ಟಿಯಾಗಿ ಅಂಟಿದ ಅಷ್ಟೇ ಅಂಶ ಇಡೀ ಮಣ್ಣನ್ನು ಕಪ್ಪಾಗಿಸಿದೆ. ಆ ಕಪ್ಪಿನ ಮೇಲೆ ಬೂದು ಬಣ್ಣ ಎದ್ದು ಕಾಣುವುದಿಲ್ಲ. ಸುಣ್ಣಕಲ್ಲಿನ ಹರಳು ತುಂಬಿದ ಈ ನೆಲದ ಪಿಎಚ್ 8ಕ್ಕೂ ಮೇಲಿರುತ್ತದೆ. ಪಿಎಚ್ ಏರಿದಷ್ಟೂ ಕಬ್ಬಿಣ ಕರಗಿ ಸರಿದಾಡುವುದು ಕಷ್ಟ, ಹಾಗಾಗಿ ತುಕ್ಕಿನ ಚುಕ್ಕೆಯೂ ಅಪರೂಪ. ಮಣ್ಣಿನೊಳಗೆ ನೈಟ್ರೇಟ್ ಅನಿಲವಾಗಿ ಹಾರಿಹೋಗಿ ಬೆಳೆ ಹಳದಿಗಟ್ಟಿರುತ್ತದೆ, ಬೇರು ಕರಿಗಟ್ಟಿರುತ್ತದೆ; ಬಣ್ಣದ ಪಟ್ಟಿ ಹಿಡಿದು ಕೂತವರ ಹಾಳೆಯಲ್ಲಿ ಅದೇ ಹೊಲ ‘ಸಾಧಾರಣ ಬಸಿತ’ ಎಂದು ದಾಖಲಾಗಬಹುದು. ಇದನ್ನು ಸಣ್ಣ ತಪ್ಪೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ದಾಖಲೆಯ ಮೇಲೆಯೇ ಮುಂದಿನ ಪರಿಹಾರ ನಿಂತಿರುತ್ತದೆ.

ಊರವರ ಬಾಯಲ್ಲಿ ಈ ರೋಗಕ್ಕೆ ಜೋಡಿಹೆಸರು: ಸವಳು-ಜವಳು. ಜವಳು ಎಂದರೆ ಹಸಿ ಆರದ ನೆಲ, ಸವಳು ಎಂದರೆ ಉಪ್ಪೇರಿದ ನೆಲ. ಎರಡನ್ನೂ ಒಂದೇ ಉಸಿರಿಗೆ ಹೇಳುವುದರಲ್ಲಿ ಕಾರ್ಯಕಾರಣವೇ ಅಡಗಿದೆ. ಅಂತರ್ಜಲ ಮೇಲ್ಮೈಯಿಂದ ಒಂದೂವರೆ-ಎರಡು ಮೀಟರಿನೊಳಗೆ ಬಂದರೆ ಜೇಡಿಯ ಕೂದಲೆಳೆಯಂಥ ರಂಧ್ರಗಳು ಅದನ್ನು ಮೇಲಕ್ಕೆಳೆಯುತ್ತವೆ. ಬಿಸಿಲು ನೀರನ್ನು ಒಯ್ದು ಉಪ್ಪನ್ನು ಬಿಡುತ್ತದೆ. ಚಳಿನಾಡಿನ ತಳದಲ್ಲಿ ಸಸ್ಯಶೇಷ ಕೂಡುವ ಜಾಗದಲ್ಲಿ ಇಲ್ಲಿ ಉಪ್ಪು ಕೂಡುತ್ತದೆ. ಮೊದಲು ಹೊಲದ ಮೈ ಹಿಟ್ಟಿನಂತೆ ಉಬ್ಬಿ ಮೆತ್ತಗಾಗುತ್ತದೆ, ಬೆಳಗಿನ ಹೊತ್ತು ಬೆಳ್ಳಗೆ ಕಾಣುತ್ತದೆ. ಮಳೆ ಆ ಉಪ್ಪನ್ನು ತೊಳೆದು ಸೋಡಿಯಂ ಮಾತ್ರ ಜೇಡಿಗೆ ಅಂಟಿ ಉಳಿದರೆ ಎರಡನೆಯ ಘಟ್ಟ: ಜೇಡಿ ಚದುರಿ ರಂಧ್ರಗಳಿಗೆ ಮೆತ್ತಿಕೊಂಡು, ಇದ್ದ ಅಲ್ಪ ಬಸಿತವೂ ನಿಲ್ಲುತ್ತದೆ. 1954ರ ಅಮೆರಿಕದ ಲವಣಮಣ್ಣು ಪ್ರಯೋಗಾಲಯದ ಕೈಪಿಡಿ ವಿನಿಮಯ ಸೋಡಿಯಂ ನೂರಕ್ಕೆ 15 ದಾಟಿದರೆ ಕ್ಷಾರವೆಂದು ಗೆರೆ ಎಳೆಯಿತು. ಉಬ್ಬುವ ಜೇಡಿಗೆ ಅದರರ್ಧಕ್ಕೇ ಪೆಟ್ಟು ಬೀಳುತ್ತದೆ. ಇಲ್ಲಿಯೂ ಪರದೇಶದ ಗೆರೆ ನಮ್ಮ ಹೊಲಕ್ಕೆ ಸಡಿಲವಾಯಿತು.

ನವಲಗುಂದ-ನರಗುಂದಗಳಲ್ಲಿ 1980ರ ಜುಲೈ 21ರ ಗೋಲಿಬಾರಿನವರೆಗೆ ಹೋದ ಮಲಪ್ರಭಾ ಅಚ್ಚುಕಟ್ಟಿನ ರೈತ ಚಳವಳಿಯ ಬೇಡಿಕೆಗಳಲ್ಲಿ ಅಭಿವೃದ್ಧಿ ಕರದ ರದ್ದತಿ ಮುಖ್ಯವಾದುದು. ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂಬ ಎಣಿಕೆಯ ಮೇಲೆ ನಿಂತ ಕರವದು. ಮಣ್ಣಿನ ಕಡೆಯಿಂದ ನೋಡಿದರೆ ಆ ಎಣಿಕೆಯಲ್ಲೇ ಬಿರುಕಿತ್ತು: ನೀರು ಮುಟ್ಟಿದ ಎರೆಯೆಲ್ಲ ಸುಧಾರಿಸುವುದಿಲ್ಲ.

ರಾಮದುರ್ಗದ್ದು ಇನ್ನೊಂದು ಬಗೆ. ಮರಳುಗಲ್ಲಿನ ಗುಡ್ಡಗಳ ನಡುವೆ ಹೊಳೆ ಹಾಸಿದ ಮೆಕ್ಕಲು. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಆದರೆ 2009 ಮತ್ತು 2019ರಲ್ಲಿ ಕಂಡಂತೆ ಮಹಾಪೂರ. ನೆರೆಯ ನೀರು ಇಳಿದ ಮೇಲೆ ಉಳಿಯುವ ನಯವಾದ ರೇವೆ ಹಳೆಯ ಬಿರುಕುಗಳಿಗೆ ತುಂಬಿ ಮೇಲೆ ಹೆಪ್ಪುಗಟ್ಟುತ್ತದೆ. ಬರದ ಸೀಮೆಯೆಂದು ಹೆಸರಾದ ತಾಲ್ಲೂಕಿನಲ್ಲಿ ಜವಳಿನ ಮಾತೆತ್ತಿದರೆ ಕೇಳುವವರು ಕಡಿಮೆ.

ಹಾಗಾದರೆ ಈ ಕಣಿವೆಯಲ್ಲಿ ಯಾವ ಗುರುತನ್ನು ನಂಬಬೇಕು? ಸವಳು ಬೆಳ್ಳಗಾದ ಮೇಲೆ ಯಾರಿಗಾದರೂ ಕಾಣುತ್ತದೆ. ಜೇಕು ಹಬ್ಬಿ, ಬಳ್ಳಾರಿ ಜಾಲಿ ಎದ್ದ ಮೇಲಂತೂ ಹೇಳಬೇಕಾದ್ದಿಲ್ಲ. ಅವೆಲ್ಲ ತಡವಾದ ಗುರುತುಗಳು. ಮೊದಲ ಗುರುತು ಬೇಸಿಗೆಯ ಬಿರುಕಿನಲ್ಲಿದೆ. ಸುತ್ತಲಿನ ಎರೆ ಬಾಯಿಬಿಟ್ಟಿರುವಾಗ ಒಂದು ಹೊಲ ಮಾತ್ರ ಮುಚ್ಚಿಕೊಂಡು ಕೂತಿದ್ದರೆ ಕೆಳಗೆ ನೀರು ಹತ್ತಿರ ಬಂದಿದೆಯೆಂದೇ ಮೊದಲ ಅನುಮಾನ. ಅದನ್ನು ಕೊಳವೆ ಇಳಿಸಿ ಅಳೆದು ಖಚಿತಪಡಿಸಿಕೊಳ್ಳಬಹುದು. ಆದ್ದರಿಂದ ಮಣ್ಣಿನ ಸಮೀಕ್ಷೆ ಚೈತ್ರ-ವೈಶಾಖದಲ್ಲಿ ನಡೆಯಬೇಕು, ಬಿರುಕಿನ ಅಗಲ, ಆಳ, ನಡುವಿನ ಅಂತರ ದಾಖಲೆಗೆ ಬರಬೇಕು ಎಂಬುದು ನನ್ನ ವಾದ. ಮೀಟರಿನಷ್ಟು ಆಳದಲ್ಲಿ ತೂತಿನ ಕೊಳವೆ ಹೂಳಿ ಬಸಿದ ಹೊಲಗಳಿಗೂ ಇದೇ ಅಳತೆ ಸಲ್ಲುತ್ತದೆ. ನೀರು ಕೆಳಗಿಳಿದ ಹೊಲದಲ್ಲಿ ಉಪ್ಪಿನ ಅಂಕಿ ಇಳಿಯಲು ಮಳೆಗಾಲಗಳು ಬೇಕು. ಅದಕ್ಕೂ ಮುಂಚೆ, ಮೊದಲ ಬೇಸಿಗೆಯಲ್ಲೇ, ಕೊಳವೆಯ ಗುಂಟ ನೆಲ ಕೂದಲೆಳೆಯಷ್ಟು ಬಿರಿಯತೊಡಗುತ್ತದೆ.