ಸೈಕ್ಲೋಡೆಕ್ಸ್‌ಟ್ರಿನ್‌ಗಳು ಮತ್ತು ಔಷಧಗಳ ವಿಲೇಯತೆ

ಪಿಷ್ಟದ ಮೇಲೆ ಕೆಲವು ಬ್ಯಾಕ್ಟೀರಿಯಗಳ ಕಿಣ್ವವು ವರ್ತಿಸಿದಾಗ ಹುಟ್ಟುವ, ಗ್ಲೂಕೋಸಿನ ಘಟಕಗಳು ಉಂಗುರವಾಗಿ ಕೂಡಿಕೊಂಡಿರುವ ಶರ್ಕರಗಳಿಗೆ ಸೈಕ್ಲೋಡೆಕ್ಸ್‌ಟ್ರಿನ್‌ಗಳೆಂದು ಹೆಸರು. ಘಟಕಗಳು ಆರಾದರೆ ಆಲ್ಫಾ, ಏಳಾದರೆ ಬೀಟಾ, ಎಂಟಾದರೆ ಗಾಮಾ ಎನಿಸಿಕೊಳ್ಳುವ ಈ ಅಣುಗಳು ತಳ ತೆಗೆದ ಲೋಟದ ಆಕಾರದವು. ಅವುಗಳ ಹೊರಮೈ ಜಲಸ್ನೇಹಿ, ಒಳಗಣ ಕುಹರ ಜಲವಿಮುಖ. ನೀರಿನಲ್ಲಿ ಕರಗಲೊಲ್ಲದ ಔಷಧದ ಅಣುವು ಆ ಕುಹರವನ್ನು ಹೊಕ್ಕಾಗ ಹೊರಮೈಯ ಗುಣದಿಂದಲೇ ಇಡೀ ಸಂಕೀರ್ಣವು ಕರಗುತ್ತದೆ. ಇವೆರಡರ ನಡುವೆ ಸ್ಥಿರವಾದ ರಾಸಾಯನಿಕ ಬಂಧವೇರ್ಪಡದೆ, ಸೇರುವಿಕೆ ಬಿಡುವಿಕೆಗಳು ಸಮಸ್ಥಿತಿಯಲ್ಲಿ ನಡೆಯುತ್ತಿರುವುದರಿಂದ, ಶರೀರದ್ರವಗಳಲ್ಲಿ ದ್ರಾವಣವು ತೆಳುವಾದಂತೆ ಔಷಧವು ಬಿಡುಗಡೆ ಹೊಂದುತ್ತದೆ.

1891ರಲ್ಲಿ ಫ್ರಾನ್ಸಿನ ವಿಲಿಯೆ ಪಿಷ್ಟವನ್ನು ಬ್ಯಾಕ್ಟೀರಿಯಗಳಿಂದ ಕೊಳೆಯಿಸಿ, ಸಾವಿರ ಗ್ರಾಮಿಗೆ ಸುಮಾರು ಮೂರು ಗ್ರಾಮಿನಷ್ಟು ಸ್ಫಟಿಕವನ್ನು ಪಡೆದು, ಸೆಲ್ಯುಲೋಸಿನಂತೆ ಆಮ್ಲಕ್ಕೆ ಬಗ್ಗದ ಅದನ್ನು 'ಸೆಲ್ಯುಲೋಸಿನ್' ಎಂದು ಕರೆದನು. ಆಹಾರವು ಕೆಡುವ ಕಾರಣಗಳನ್ನು ವಿಯೆನ್ನಾದಲ್ಲಿ ಶೋಧಿಸುತ್ತಿದ್ದ ಫ್ರಾಂಜ್ ಷಾರ್ಡಿಂಗರ್ 1903ರಿಂದ 1911ರವರೆಗಿನ ತನ್ನ ಲೇಖನಗಳಲ್ಲಿ ಇಂಥ ಎರಡು ಸ್ಫಟಿಕಗಳನ್ನು ವರ್ಣಿಸಿ, ಅಯೋಡಿನ್ ಸೇರಿಸಿದಾಗ ಒಂದು ನೀಲಿಗೂ ಇನ್ನೊಂದು ಕೆಂಗಂದಿಗೂ ತಿರುಗುವುದನ್ನು ಕಂಡು ಅವನ್ನು ಬೇರ್ಪಡಿಸಿದನು. ಆ ವರ್ಣಭೇದಕ್ಕೆ ಅಯೋಡಿನ್ ಕುಹರದೊಳಗೆ ಸೇರಿಕೊಳ್ಳುವುದೇ ಕಾರಣವೆಂಬುದು, 1930ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫ್ರಾಯ್ಡನ್‌ಬರ್ಗ್ ಇವುಗಳ ಚಕ್ರೀಯ ರಚನೆಯನ್ನು ನಿರೂಪಿಸಿದ ತರುವಾಯವಷ್ಟೇ ವಿಶದವಾಯಿತು.

ಫ್ರಾಯ್ಡನ್‌ಬರ್ಗ್, ಕ್ರಾಮರ್, ಪ್ಲೀನಿಂಗರ್ ಇವರು ಔಷಧಗಳನ್ನು ಈ ಕುಹರದಲ್ಲಿ ಅಡಗಿಸುವ ಕ್ರಮಕ್ಕೆ 1953ರಲ್ಲಿ ಪೇಟೆಂಟು ಪಡೆದರೂ, ಅದು ಬಹುಕಾಲ ಬಳಕೆಗೆ ಬರಲಿಲ್ಲ. ಈ ಶರ್ಕರವನ್ನು ತಿಂದ ಇಲಿಗಳು ಸತ್ತುವೆಂದು 1957ರಲ್ಲಿ ಪ್ರಕಟವಾದ ಮಾತು ಭೀತಿಯನ್ನು ಬಿತ್ತಿತು. ತಯಾರಿಕೆಯ ವೆಚ್ಚವೂ ಅಧಿಕವಾಗಿತ್ತು. ಶುದ್ಧ ಪದಾರ್ಥವನ್ನು ಬಾಯಿಂದ ಸೇವಿಸಿದರೆ ಅಪಾಯವಿಲ್ಲವೆಂದು ಮುಂದಣ ಪರೀಕ್ಷೆಗಳು ತೋರಿಸಿದ ಮೇಲೆ, ಕಿಣ್ವತಂತ್ರದಿಂದ ಬೆಲೆಯಿಳಿದ ಮೇಲೆ, ಸಂಶಯವು ಕರಗಿತು. ಹಿಗುಚಿ ಮತ್ತು ಕಾನರ್ಸ್ 1965ರಲ್ಲಿ ವಿವರಿಸಿದ ಪ್ರಾವಸ್ಥಾ-ವಿಲೇಯತಾ ವಿಧಾನವು ಸಂಕೀರ್ಣದ ದೃಢತೆಯನ್ನು ಅಳೆಯುವ ಮಾನದಂಡವನ್ನೊದಗಿಸಿತು. ಬುಡಾಪೆಸ್ಟಿನ ಯೋಜೆಫ್ ಸೆಯ್ಟ್ಲಿ ಈ ವಿದ್ಯೆಗೆ ತನ್ನ ಆಯುಷ್ಯವನ್ನೇ ಮುಡಿಪಿಟ್ಟನು. 1976ರಲ್ಲಿ ಜಪಾನಿನಲ್ಲಿ, ಬೀಟಾ ರೂಪದೊಡನೆ ಪ್ರಾಸ್ಟಗ್ಲಾಂಡಿನ್ ಇ2 ಸೇರಿದ ಮಾತ್ರೆಯು ಮಾರಾಟಕ್ಕೆ ಬಂದಿತು.

ಔಷಧಗಳಿಗೆ ಹೆಚ್ಚು ಒಪ್ಪುವ ಕುಹರವುಳ್ಳ ಬೀಟಾ ರೂಪವೇ ನೀರಿನಲ್ಲಿ ಅಲ್ಪವಾಗಿ, ಲೀಟರಿಗೆ ಸುಮಾರು 18 ಗ್ರಾಮಿನಷ್ಟು ಮಾತ್ರ, ಕರಗುವುದೂ, ರಕ್ತನಾಳಕ್ಕೆ ಚುಚ್ಚಿದಾಗ ಮೂತ್ರಪಿಂಡಗಳನ್ನು ಬಾಧಿಸುವುದೂ ದೊಡ್ಡ ತೊಡಕಾಗಿದ್ದುವು. ಅಣುವಿನ ಅಂಚಿನ ಹೈಡ್ರಾಕ್ಸಿಲ್ ಗುಂಪುಗಳು ತಮ್ಮತಮ್ಮಲ್ಲೇ ಬಿಗಿದುಕೊಳ್ಳುವುದನ್ನು ತಪ್ಪಿಸಲು ಅಲ್ಲಿ ಬೇರೆ ಗುಂಪುಗಳನ್ನು ಜೋಡಿಸಿ ಪಡೆದ ಹೈಡ್ರಾಕ್ಸಿಪ್ರೊಪೈಲ್ ಮತ್ತು ಸಲ್ಫೊಬ್ಯುಟೈಲ್ ಈಥರ್ ರೂಪಗಳು ಆ ತೊಡಕನ್ನು ಕಳೆದುವು. ಶಿಲೀಂಧ್ರನಾಶಕವಾದ ಇಟ್ರಕೊನಜೋಲಿನ ದ್ರಾವಣವು ಮೊದಲನೆಯದರಿಂದಲೂ, ವೊರಿಕೊನಜೋಲ್ ಮತ್ತು ರೆಮ್ಡೆಸಿವಿರ್ ಚುಚ್ಚುಮದ್ದುಗಳು ಎರಡನೆಯದರಿಂದಲೂ ಸಾಧ್ಯವಾದುವು. 2008ರಲ್ಲಿ ಯೂರೋಪು ಒಪ್ಪಿದ ಸುಗಮ್ಮಡೆಕ್ಸ್ ಎಂಬ ಮಾರ್ಪಟ್ಟ ಗಾಮಾ ರೂಪವು ಔಷಧವನ್ನು ಕರಗಿಸುವುದಕ್ಕಲ್ಲದೆ, ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಟ್ಟ ರೊಕುರೋನಿಯಮನ್ನು ರಕ್ತದಲ್ಲಿಯೇ ಸೆರೆಹಿಡಿಯುವುದಕ್ಕೆ ರಚಿತವಾದುದು. ಅಲ್ಲಿ ಬಿಗಿಯಾದ ಹಿಡಿತವೇ ಗುಣ, ವಾಹಕವಾಗಿ ಬಳಸುವಲ್ಲಿ ಸಕಾಲಕ್ಕೆ ಬಿಡುವುದೇ ಗುಣ.

ಈ ಉಪಾಯಕ್ಕೂ ಮೇರೆಯುಂಟು. ಬೀಟಾ ರೂಪದ ಅಣುತೂಕ ಸುಮಾರು 1135 ಆದುದರಿಂದ, ಅಣುವಿಗೆ ಅಣುವೆಂಬಂತೆ ಕೂಡಿದರೂ ಔಷಧದ ತೂಕದ ಹಲವು ಮಡಿ ವಾಹಕ ಬೇಕಾಗುತ್ತದೆ. ಹೀಗಾಗಿ ಕುಹರಕ್ಕೆ ಹೊಂದುವ ಗಾತ್ರವುಳ್ಳ, ಅಲ್ಪ ಪ್ರಮಾಣದಲ್ಲಿ ಫಲ ಕೊಡುವ ಔಷಧಗಳಿಗೇ ಮಾತ್ರೆಯ ರೂಪದಲ್ಲಿ ಇದು ವಿಶೇಷವಾಗಿ ಒಪ್ಪುತ್ತದೆ.