ಕೀಲಿಮಣೆಯ ಅಳತೆ ಮತ್ತು ವಿನ್ಯಾಸ

ಗಣಕಕ್ಕೆ ಕೀಲಿಮಣೆ ಆರಿಸುವಾಗ ಮೇಜಿನ ಜಾಗ, ಅಕ್ಷರಗಳ ಜೋಡಣೆ ಎರಡನ್ನೂ ನೋಡಬೇಕು. 104 ಕೀಲಿಗಳ ಪೂರ್ಣ ಮಣೆ ಸುಮಾರು 44 ಸೆಂ.ಮೀ. ಅಗಲವಿರುತ್ತದೆ, ನಂಬರ್ ಪ್ಯಾಡ್ ಇಲ್ಲದ 87 ಕೀಲಿಗಳದ್ದು ಸುಮಾರು 36, 61 ಕೀಲಿಗಳದ್ದು ಸುಮಾರು 30 ಸೆಂ.ಮೀ. ನಿಪ್ಪಾಣಿಯ ತಂಬಾಕು ವ್ಯಾಪಾರ, ಅಥಣಿ–ಕಾಗವಾಡದ ಸಕ್ಕರೆ ಕಾರ್ಖಾನೆಗಳಂಥ ಅಂಕಿ ತುಂಬುವ ಕೆಲಸಕ್ಕೆ ಪೂರ್ಣ ಮಣೆಯೇ ಸರಿ.

ಚಿಕ್ಕೋಡಿ, ರಾಯಬಾಗ ಸೇರಿದಂತೆ ಬೆಳಗಾವಿ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಕನ್ನಡದ ಜೊತೆ ಮರಾಠಿಯೂ ಬಳಕೆಯಲ್ಲಿದೆ. ಎರಡನ್ನೂ ಬೆರಳಚ್ಚಿಸುವವರಿಗೆ 1991ರ ಐಎಸ್ 13194 ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಹಳ ಅನುಕೂಲ. ಇದರಲ್ಲಿ ‘ಕೆ’ ಒತ್ತಿದರೆ ಎರಡೂ ಲಿಪಿಗಳಲ್ಲಿ ಕಕಾರ, ‘ಎಚ್’ ಒತ್ತಿದರೆ ಪಕಾರ ಮೂಡುತ್ತದೆ. ಬೆರಳು ಒಮ್ಮೆ ಕಲಿತರೆ ಸಾಕು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸ ಇಂಗ್ಲಿಷ್ ಕೀಲಿಗಳ ಉಚ್ಚಾರಣೆಯನ್ನು ಅನುಸರಿಸುತ್ತದೆ. ಕನ್ನಡವನ್ನಷ್ಟೇ ಬರೆಯುವವರಿಗೆ ಅದು ಬೇಗ ಒಲಿಯುತ್ತದೆ.

ಕೀಲಿಗಳ ಮೇಲೆ ಕನ್ನಡ ಅಚ್ಚಾಗಿರಬೇಕೆಂದಿಲ್ಲ; ವಿನ್ಯಾಸ ತಂತ್ರಾಂಶದಲ್ಲಿರುತ್ತದೆ.

ಚಿಕ್ಕ ಮಣೆ ಕೊಳ್ಳುವವರು ಒಂದನ್ನು ಗಮನಿಸಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ‘ಕೊಡು’, ‘ಹೊಲ’ ಪದಗಳ ಒತ್ವ 1ರ ಎಡಬದಿಯ ಕೀಲಿಯಲ್ಲಿದೆ. 61 ಕೀಲಿಗಳ ಹೆಚ್ಚಿನ ಮಣೆಗಳಲ್ಲಿ ಆ ಜಾಗವನ್ನು ಎಸ್ಕೇಪ್ ಆಕ್ರಮಿಸಿರುವುದರಿಂದ ಪ್ರತಿ ಒತ್ವಕ್ಕೂ ಎಫ್‌ಎನ್ ಕೀಲಿಯನ್ನು ಜೊತೆಗೆ ಒತ್ತಬೇಕಾಗುತ್ತದೆ. 87 ಕೀಲಿಗಳ ಮಣೆಯಲ್ಲಿ ಈ ತೊಡಕಿಲ್ಲ.