ಪಟದ ಅಡಿಲಿ ಬಪ್ಪ ಅಕ್ಷರಂಗೊ

ಮಧ್ಯಾಹ್ನ ಉಂಡಿಕ್ಕಿ ಕೊರಿಯದ ಸೀರಿಯಲ್ ನೋಡ್ತ ಅಕ್ಕಂದಿರು ನಮ್ಮ ನೆಂಟರಿಷ್ಟರಲ್ಲಿ ಈಗ ಬೇಕಾದಷ್ಟು ಜೆನ ಇದ್ದವು. ಕೊರಿಯದ ಭಾಷೆ ಆರಿಂಗೂ ಬತ್ತಿಲ್ಲೆ. ಆದರೂ ಅಲ್ಯಾಣ ಅತ್ತೆ ಎಂತಕೆ ಪರಂಚಿತ್ತು, ಸೊಸೆ ಎಂತ ಎದುರುತ್ತರ ಕೊಟ್ಟತ್ತು ಹೇಳಿ ಮರದಿನ ಫೋನಿಲಿ ಒಂದು ಮಾತುದೆ ಬಿಡದ್ದೆ ಹೇಳ್ತವು. ಪಟದ ಅಡಿಲಿ ಒಂದೆರಡು ಗೆರೆ ಅಕ್ಷರ ಬತ್ತಲ್ಲದಾ, ಅದರ ಓದಿಗೊಂಡು. ಒಲೆಲಿ ಹಾಲು ಮಡಗಿಕ್ಕಿ ಅದರ ನೋಡ್ಲೆ ಎಡಿಯ, ಕಣ್ಣು ರಜ ಆಚಿಗೆ ಹೋದರೆ ಕತೆ ತಪ್ಪಿತ್ತು!

ಆ ಗೆರೆ ಅಲ್ಲಿಗೆ ಬಂದದಕ್ಕೂ ಒಂದು ಚರಿತ್ರೆ ಇದ್ದು. ಅದರ ಒಂದು ಚೂರು ಇಂದು ಹೇಳ್ತೆ. ಇದರಲ್ಲಿ ಕಂಪ್ಯೂಟರು ಪ್ರೋಗ್ರಾಮು ಬರವ ಒಬ್ಬ° ಮಾಣಿ ಇದ್ದ°, ಅಡಿಗೆಕೋಣೆಯ ಒಂದು ಮಿಶನು ಇದ್ದು, ಜಪಾನಿನ ಒಂದು ರಾಕ್ಷಸ ಕೂಸುದೆ ಇದ್ದು.

ಸುರುವಿಂಗೆ ಜಪಾನಿನ ಕಾರ್ಟೂನಿನ ಬಗ್ಗೆ. ಅದಕ್ಕೆ ಅಲ್ಲಿ ‘ಅನಿಮೆ’ ಹೇಳ್ತವು. ಅನಿಮೇಷನ್ ಹೇಳ್ತ ಶಬ್ದವ ತುಂಡು ಮಾಡಿದ್ದದು. ನಾವು ಅದರ ಹೆಸರು ಗೊಂತಿಲ್ಲದ್ದೇ ನೋಡಿದ್ದು. 1990ರ ದಶಕಲ್ಲಿ ಆಯಿತ್ಯವಾರ ಉದಿಯಪ್ಪಗ ದೂರದರ್ಶನಲ್ಲಿ ಮೋಗ್ಲಿ ಬಂದುಗೊಂಡಿತ್ತು, ನೆಂಪಿದ್ದೋ? ಹಿಂದಿಲಿ ಗುಲ್ಜಾರ್ ಬರದ ಪದ್ಯದೊಟ್ಟಿಂಗೆ ಬಂದ ಆ ‘ಜಂಗಲ್ ಬುಕ್’ ಮಾಡಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಹೇಳ್ತ ಕಂಪೆನಿ. ಹಿಂದಿ ಸರಿಯಾಗಿ ಗೊಂತಿಲ್ಲದ್ದ ಮಕ್ಕಳುದೆ ಬಾಯಿ ಒಡದು ನೋಡಿದವು.

ಅಮೇರಿಕಲ್ಲಿ ಈ ಮರುಳು ಅದರಿಂದ ಮದಲೇ ಹಿಡುದಿತ್ತು. ಲಾಸ್ ಏಂಜಲಿಸಿಲಿ ನೆಲೆನಿಂದ ಜಪಾನಿನವಕ್ಕೆ ಬೇಕಾಗಿ 1970ರ ದಶಕಲ್ಲಿ ಜಪಾನಿ ಭಾಷೆಯ ಟೀವಿ ಕಾರ್ಯಕ್ರಮಂಗೊ ಬಂದುಗೊಂಡಿತ್ತು. ಅದರಲ್ಲಿ ದೊಡ್ಡ ದೊಡ್ಡ ಯಂತ್ರಮಾನವರ ಕತೆಗೊ. ಅದರ ನೋಡಿ ಮರುಳಾದ ಅಲ್ಯಾಣ ಕೆಲವು ಜೆನ, ಫ್ರೆಡ್ ಪ್ಯಾಟನ್ ಹೇಳುವವುದೆ ಸೇರಿ, 1977ರಲ್ಲಿ ‘ಕಾರ್ಟೂನ್ ಫ್ಯಾಂಟಸಿ ಆರ್ಗನೈಸೇಷನ್’ ಹೇಳಿ ಒಂದು ಸಂಘ ಕಟ್ಟಿದವು. ಅಮೇರಿಕದ ಸುರುವಾಣ ಅನಿಮೆ ಅಭಿಮಾನಿ ಸಂಘ ಅದು.

ಆಗಷ್ಟೇ ಮನೆಗೆ ವಿಸಿಆರ್ ಬಪ್ಪಲೆ ಸುರುವಾಗಿತ್ತು. ಇಲ್ಯಾಣವು ಅಮೇರಿಕದ ಸೀರಿಯಲ್ಲುಗಳ ಕ್ಯಾಸೆಟ್ಟಿಲಿ ತುಂಬುಸಿ ಜಪಾನಿಂಗೆ ಕಳ್ಸುದು, ಅಲ್ಯಾಣವು ಅನಿಮೆಯ ತುಂಬುಸಿ ಇತ್ಲಾಗಿ ಕಳ್ಸುದು. ಬೇಲಿಯ ಆಚಿಕೆ ಈಚಿಕೆ ಬಸಳೆ ಬಳ್ಳಿಯೂ ಕೆಸವಿನ ಗೆಡ್ಡೆಯೂ ಬದಲುಸಿಗೊಂಡ ಹಾಂಗೆ. ಒಂದು ಅನುಕೂಲ ಎಂತ ಹೇಳಿರೆ, ಜಪಾನಿಂಗೂ ಅಮೇರಿಕಕ್ಕೂ ಆಗ ಟೀವಿಯ ಲೆಕ್ಕಾಚಾರ ಒಂದೇ ಇತ್ತು, ಎನ್‌ಟಿಎಸ್‌ಸಿ ಹೇಳ್ತದು. ನಮ್ಮ ದೇಶಲ್ಲಿ ಇತ್ತಿದ್ದದು ಪಾಲ್ ಹೇಳ್ತ ಬೇರೆ ಲೆಕ್ಕ. ಅಮೇರಿಕಂದ ಬಂದ ಮದುವೆ ಕ್ಯಾಸೆಟ್ಟು ಊರಿನ ವಿಸಿಆರಿಲಿ ಸರಿ ಕಾಣದ್ದೆ ಇತ್ತಿದ್ದದು ಇದೇ ಕಾರಣಕ್ಕೆ, ಹಳಬ್ಬರಿಂಗೆ ನೆಂಪಿಕ್ಕು.

ಪಟ ಕಂಡತ್ತು, ಆದರೆ ಮಾತು? ಭಾಷೆ ಗೊಂತಿಲ್ಲೆನ್ನೆ. ಸಂಘದ ಕೂಟಲ್ಲಿ ಕತೆ ಗೊಂತಿಪ್ಪ ಒಬ್ಬ° ಎದ್ದು ನಿಂದು ಹೇಳಿಗೊಂಡು ಹೋಕು. ಆಟ ನೋಡ್ಲೆ ಹೋದಿಪ್ಪಗ ಪಕ್ಕಲ್ಲಿ ಕೂದ ಅಜ್ಜಿ ‘ಈಗ ಬಂದದು ಕೀಚಕ, ನೋಡು’ ಹೇಳಿ ಪುಳ್ಳಿಗೆ ಹೇಳ್ತ ಹಾಂಗೆ. ಕೆಲವು ಜೆನ ಕತೆಯ ಸಾರಾಂಶವ ಕಾಗದಲ್ಲಿ ಬರದು ಹಂಚಿದವು.

1980ರ ದಶಕದ ಅಕೇರಿಗೆ ಅಮಿಗಾ ಹೇಳ್ತ ಕಂಪ್ಯೂಟರು ಮನೆಗಳಲ್ಲಿ ಇಪ್ಪಲೆ ಸುರುವಾತು. ವಿಡಿಯೋದ ಮೇಲೆ ಅಕ್ಷರ ಕೂರುಸುಲೆ ಅದರಲ್ಲಿ ಮನೆಲೇ ಎಡಿಗಾತು. ಇಂಜಿನಿಯರಿಂಗು ಕಲಿವ ಮಕ್ಕೊ, ಪ್ರೋಗ್ರಾಮು ಬರವ ಜೆನಂಗೊ ಹಗಲು ಕೆಲಸ ಮಾಡಿ ಇರುಳು ಕೂದು ಗೆರೆ ಗೆರೆ ಅಕ್ಷರ ಹಾಕಿದವು. ಆ ಕೆಲಸ ಸುಲಾಬಲ್ಲಿ ಅಪ್ಪದಲ್ಲ. ಆ ಲೆಕ್ಕಾಚಾರಲ್ಲಿ ಒಂದು ಸೆಕೆಂಡಿಂಗೆ ಹತ್ತರತ್ತರೆ 30 ಪಟ ಓಡ್ತು. ಬಾಯಿ ತೆಗವಗ ಗೆರೆ ಬರೆಕ್ಕು, ಮಾತು ಮುಗುದಪ್ಪಗ ಹೋಯೆಕ್ಕು. ಓದುವವಕ್ಕೆ ಸಮಯ ಸಾಕಾಯೆಕ್ಕು, ಎರಡು ಗೆರೆಂದ ಹೆಚ್ಚಾದರೆ ಪಟವೇ ಮುಚ್ಚಿ ಹೋವುತ್ತು. ಹಾಂಗೆ ಮಾಡಿದ ಕ್ಯಾಸೆಟ್ಟು ಕೈಂದ ಕೈಗೆ ಹೋತು. ಒಂದರಿಂದ ಇನ್ನೊಂದು, ಅದರಿಂದ ಮತ್ತೊಂದು ನಕಲು ತೆಗದ ಹಾಂಗೆ, ಮಜ್ಜಿಗೆಗೆ ನೀರು ಎರದ ಹಾಂಗೆ, ಪಟ ಮಸ್ಕಾಗಿಂಡು ಬಂತು. ‘ಇದು ಮಾರ್ಲೆ ಇಪ್ಪದಲ್ಲ, ಬಾಡಿಗಗೆ ಕೊಡ್ಲೆ ಇಪ್ಪದಲ್ಲ’ ಹೇಳ್ತ ಒಂದು ಮಾತುದೆ ಅದರಲ್ಲಿ ಹಾಕಿಗೊಂಡಿತ್ತವು. ವಿಶ್ವವಿದ್ಯಾಲಯಂಗಳ ಕಂಪ್ಯೂಟರು ಜಾಲಲ್ಲಿ ಇದರ ಮಾತುಕತೆಯೂ ಬೆಳದತ್ತು. ಯಾವ ಕತೆ ಒಳ್ಳೆದು, ಯಾವ ಶಬ್ದಕ್ಕೆ ಎಂತ ಅರ್ಥ ಹೇಳಿ ಇರುಳಿಡೀ ಚರ್ಚೆ.

ಇನ್ನು ನಮ್ಮ ಮಾಣಿಯ ಕತೆ. ರಾಬರ್ಟ್ ವುಡ್‌ಹೆಡ್ ಅವನ ಹೆಸರು. ಕಾರ್ನೆಲ್ ವಿಶ್ವವಿದ್ಯಾಲಯಲ್ಲಿ ಕಲ್ತವ°. ಅಲ್ಯಾಣ ಆಂಡ್ರ್ಯೂ ಗ್ರೀನ್‌ಬರ್ಗ್ ಹೇಳ್ತವನ ಒಟ್ಟಿಂಗೆ ಸೇರಿ ‘ವಿಝಾರ್ಡ್ರಿ’ ಹೇಳ್ತ ಕಂಪ್ಯೂಟರು ಆಟ ಮಾಡಿದ°. 1981ರಲ್ಲಿ ಅದು ಆಪಲ್ 2 ಕಂಪ್ಯೂಟರಿಂಗೆ ಬಂತು. ಆರು ಜೆನರ ತಂಡ ಕಟ್ಟಿಗೊಂಡು ನೆಲದಡಿಯಾಣ ಕತ್ತಲೆ ದಾರಿಲಿ ರಾಕ್ಷಸರ ಎದುರುಸಿಗೊಂಡು ಹೋಪ ಆಟ. ಅದರಲ್ಲಿ ಬಪ್ಪ ರಾಜನ ಹೆಸರು ಟ್ರೆಬೋರ್, ದುಷ್ಟ ಮಂತ್ರವಾದಿಯ ಹೆಸರು ವೆರ್ಡ್ನಾ. ಆ ಎರಡು ಹೆಸರಿನ ಇಂಗ್ಲಿಷಿಲಿ ಬರದು ಹಿಂದಂದ ಓದಿರೆ ರಾಬರ್ಟ್, ಆಂಡ್ರ್ಯೂ! ಎಲ್ಲ ಇಂಥಾ ಕುಶಾಲೇ.

ಅದರಲ್ಲಿ ಇನ್ನೊಂದು ಕುಶಾಲು ನಮ್ಮ ಅಡಿಗೆಕೋಣಗೆ ಸಂಬಂಧಪಟ್ಟದು. ಆಟಲ್ಲಿ ಸಿಕ್ಕುವ ಒಂದು ಖಡ್ಗಕ್ಕೆ ‘ಕ್ವಿಸಿನಾರ್ಟ್’ ಹೇಳ್ತ ಹೆಸರಿನ ರಜ ತಿರ್ಪಿ ಮಡಗಿತ್ತಿದ್ದವು. ಕ್ವಿಸಿನಾರ್ಟ್ ಹೇಳಿರೆ ಅಮೇರಿಕದ ಮನೆಮನೆಲಿ ತರಕಾರಿ ಕೊರವ ಮಿಶನಿನ ಹೆಸರು, ನಮ್ಮ ಮಿಕ್ಸಿಯ ಅಕ್ಕನ ಹಾಂಗಿಪ್ಪದು. ಅಮೇರಿಕದ ಮಕ್ಕೊ ನೋಡಿ ನೆಗೆ ಮಾಡಿದವು. 1985ರಲ್ಲಿ ಆಟ ಜಪಾನಿ ಭಾಷೆಗೆ ಹೋತು. ಅಲ್ಲಿ ಆ ಮಿಶನಿನ ಹೆಸರು ಗೊಂತಿಪ್ಪವು ಆರಿದ್ದವು? ಆರೋ ಮಹಾ ಕಮ್ಮಾರ° ಮಾಡಿದ ದಿವ್ಯ ಖಡ್ಗ ಹೇಳಿ ಗ್ರೇಶಿ ಭಕ್ತಿಲಿ ಹಿಡ್ಕೊಂಡವು! ಶಬ್ದ ಎತ್ತಿತ್ತು, ನೆಗೆ ದಾರಿಲಿ ಬಿದ್ದು ಹೋತು. ಆದರೂ ಆಟ ಜಪಾನಿಲಿ ಭಾರೀ ಗೆದ್ದತ್ತು. ಮತ್ತೆ 1986ರಲ್ಲಿ ಬಂದ ಅಲ್ಯಾಣ ಹೆಸರುವಾಸಿ ಆಟ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದವುದೆ ಇದರ ನೋಡಿ ಕಲ್ತವು.

ಆಟದ ಲೆಕ್ಕಲ್ಲಿ ಜಪಾನಿನ ನೆಂಟಸ್ತಿಕೆ ಆತು, ಅನಿಮೆಯ ಮರುಳುದೆ ಹಿಡುದತ್ತು. 1988ರಲ್ಲಿ ವುಡ್‌ಹೆಡ್, ರೋ ಆಡಮ್ಸ್ ಹೇಳ್ತ ಜತೆಗಾರನೊಟ್ಟಿಂಗೆ ‘ಅನಿಮೆಯ್ಗೊ’ ಹೇಳ್ತ ಸಣ್ಣ ಕಂಪೆನಿ ಸುರು ಮಾಡಿದ°. ಜಪಾನಿ ಭಾಷೆಲಿ ಎಯ್ಗೊ ಹೇಳಿರೆ ಇಂಗ್ಲಿಷು. ಅನಿಮೆಯೂ ಇಂಗ್ಲಿಷೂ ಸೇರಿ ಆ ಹೆಸರು. ಕತೆಯ ಯಜಮಾನರ ಹತ್ರೆ ಕೇಳಿ, ಪೈಸೆ ಕೊಟ್ಟು, ಹಕ್ಕು ತೆಕ್ಕೊಂಡು, ಅಡಿಲಿ ಇಂಗ್ಲಿಷು ಅಕ್ಷರ ಹಾಕಿ ಮಾರುದು. ಇದಕ್ಕೇ ಹೇಳಿ ಅಮೇರಿಕಲ್ಲಿ ಎದ್ದ ಸುರುವಾಣ ಕಂಪೆನಿಗಳಲ್ಲಿ ಇದು ಒಂದು. ಅಕ್ಷರ ಕೂರುಸುವ ಪ್ರೋಗ್ರಾಮಿನ ವುಡ್‌ಹೆಡ್ಡೇ ಬರದ°. ಆದರೆ ಪ್ರೋಗ್ರಾಮಿಂಗೆ ಅರ್ಥ ಹೇಳ್ಲೆ ಎಡಿತ್ತೋ? ಸುರುವಾಣ ಕ್ಯಾಸೆಟ್ಟುಗಳ ಭಾಷಾಂತರಕ್ಕೆ ದುಡುದವರಲ್ಲಿ ನತ್ಸುಮಿ ಉಯೆಕಿ ಹೇಳ್ತ ಜಪಾನಿನ ಹೆಮ್ಮಕ್ಕೊ ಒಬ್ಬ ಇತ್ತು. ಮತ್ತೆ ವುಡ್‌ಹೆಡ್ ಅದರನ್ನೇ ಮದುವೆ ಆದ°. ಗೆರೆ ಹಾಕುವವನ ಹೆಸರು ಎಲ್ಲೋರೂ ಹೇಳ್ತವು, ಗೆರೆಯೊಳ ಮಾತು ತುಂಬುಸಿದವರ ಹೆಸರು ಕಮ್ಮಿ ಕೇಳ್ತು. ಅದಕ್ಕೆ ಬೇಕಾಗಿ ಇಲ್ಲಿ ಬರದ್ದೆ.

ಈ ಕಂಪೆನಿ ಮಾಡಿದ ಕೆಲಸಲ್ಲಿ ಎನಗೆ ಎಲ್ಲಕ್ಕಿಂತ ಮೆಚ್ಚಿಗೆ ಆದ್ದು ‘ಉರುಸೆಯ್ ಯಾತ್ಸುರಾ’ ಹೇಳ್ತ ಕತೆಯ ಸಂಗತಿ. ಅದರ ಬರದು ಚಿತ್ರ ಮಾಡಿದ್ದು ರುಮಿಕೊ ತಕಾಹಾಶಿ ಹೇಳ್ತ ಹೆಮ್ಮಕ್ಕೊ, 1978ರಲ್ಲಿ ಪತ್ರಿಕೆಲಿ ಸುರುವಾದ್ದು. ಟೀವಿಲಿ 1981ರಿಂದ 1986ರ ವರೆಗೆ ಓಡಿತ್ತು. ಬಾನಿಂದ ಇಳುದು ಬಂದ ಲಮ್ ಹೇಳ್ತ ರಾಕ್ಷಸ ಕೂಸು, ಅದು ಗೆಂಡ ಹೇಳಿ ಗ್ರೇಶಿದ ಒಬ್ಬ° ಪೋಕ್ರಿ ಮಾಣಿ, ಇವರ ಜಗಳವೇ ಕತೆ. ಹೆಸರಿಲೇ ಕುಶಾಲು ಇದ್ದು. ‘ಉರುಸಾಯ್’ ಹೇಳಿರೆ ಬೊಬ್ಬೆ, ಉಪದ್ರ. ‘ಸೆಯ್’ ಹೇಳಿರೆ ನಕ್ಷತ್ರ. ಎರಡನ್ನೂ ಕೂಡುಸಿ ಒಂದೇ ಶಬ್ದ. ಇದರ ಇಂಗ್ಲಿಷಿಂಗೆ ತಪ್ಪದು ಹೇಂಗೆ? ಇನ್ನು ಜಪಾನಿಲಿ ಚಳಿಗಾಲ ಮುಗಿವಗ ‘ಸೆತ್ಸುಬುನ್’ ಹೇಳಿ ಒಂದು ಹಬ್ಬ. ಹೊರುದ ಸೋಯಾ ಬೀಜವ ಇಡ್ಕಿ ರಾಕ್ಷಸರ ಮನೆಂದ ಹೆರ ಓಡುಸುದು. ಅದು ಗೊಂತಿಲ್ಲದ್ದವಂಗೆ ರಾಕ್ಷಸ ಕೂಸಿನ ಮೇಲೆ ಬೀಜ ಎಂತಕೆ ಇಡ್ಕುತ್ತವು ಹೇಳಿ ಅರಡಿಯ.

ಇಂಥದಕ್ಕೆ ಅನಿಮೆಯ್ಗೊದವು ಕ್ಯಾಸೆಟ್ಟಿನೊಟ್ಟಿಂಗೆ ಟಿಪ್ಪಣಿ ಅಚ್ಚು ಹಾಕುಸಿ ಕೊಟ್ಟವು. ಯಾವ ಹಬ್ಬ, ಯಾವ ಗಾದೆ, ಎಲ್ಲಿ ಶಬ್ದದಾಟ ಹೇಳ್ತ ವಿವರ. ಇಬ್ರು ಒಟ್ಟಿಂಗೆ ಮಾತಾಡುವಗ ಒಬ್ಬರ ಮಾತು ಒಂದು ಬಣ್ಣಲ್ಲಿ, ಇನ್ನೊಬ್ಬರದ್ದು ಇನ್ನೊಂದು ಬಣ್ಣಲ್ಲಿ. ಮಿಶನಿನ ಖಡ್ಗದ ನೆಗೆ ಅತ್ಲಾಗಿ ಹೋಪಗ ಕಾಣೆ ಆತು. ರಾಕ್ಷಸ ಕೂಸಿನ ನೆಗೆ ಇತ್ಲಾಗಿ ಬಪ್ಪಗ ಒಂದು ಕಾಗದದ ತುಂಡು ಅದರ ಕೈ ಹಿಡುದು ಕರಕ್ಕೊಂಡು ಬಂತು.

ಈ ಕೆಲಸಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದ್ದು. ಕೇಳದ್ದೆ ಅಕ್ಷರ ಹಾಕಿ ಹಂಚಿದ ಅಭಿಮಾನಿಗೊ ಪೈಸೆ ಮಾಡಿದವಿಲ್ಲೆ, ಅಪ್ಪು. ಆದರೆ ಚಿತ್ರ ಬರದು ಬೆರಳು ಸವೆಶಿದವಕ್ಕೂ ಎಂತದೂ ಸಿಕ್ಕಿತ್ತಿಲ್ಲೆ. ಆರಾರು ಹಕ್ಕು ತೆಕ್ಕೊಂಡಪ್ಪಗ ತಮ್ಮ ನಕಲಿನ ನಿಲ್ಸೆಕ್ಕು ಹೇಳ್ತ ಕಟ್ಟುಪಾಡಿನ ತುಂಬ ಅಭಿಮಾನಿಗೊ ತಾವೇ ಮಾಡಿಗೊಂಡವು. ಎಲ್ಲೋರೂ ಪಾಲುಸಿದವಿಲ್ಲೆ ಹೇಳುವೊ°. 2006ರಲ್ಲಿ ಸುರುವಾದ ಕ್ರಂಚಿರೋಲ್ ಹೇಳ್ತ ಕಂಪೆನಿಲಿಯುದೆ ಸುರುವಿಂಗೆ ಅನುಮತಿ ಇಲ್ಲದ್ದ ವಿಡಿಯೋಗಳೇ ಇತ್ತಿದ್ದದು. 2009ರ ಹೊತ್ತಿಂಗೆ ಜಪಾನಿನವರೊಟ್ಟಿಂಗೆ ಒಪ್ಪಂದ ಮಾಡಿಗೊಂಡು ಸರಿದಾರಿಗೆ ಬಂತು. ಈಗ ಅದು ಸೋನಿ ಕಂಪೆನಿಯ ಕೈಲಿದ್ದು. ಇತ್ಲಾಗಿ ಅನಿಮೆಯ್ಗೊ 2013ರಲ್ಲಿ ತನ್ನ ಹಳೇ ಕತೆ ‘ಬಬಲ್‌ಗಮ್ ಕ್ರೈಸಿಸ್’ನ ಹೊಸತಾಗಿ ಹೆರ ತಪ್ಪಲೆ ಅಭಿಮಾನಿಗಳ ಹತ್ರೆ ಮುಂಗಡ ಪೈಸೆ ಕೇಳಿತ್ತು. ಕವಚ ಹಾಕಿಗೊಂಡು ಊರು ಕಾವ ನಾಲ್ಕು ಹೆಮ್ಮಕ್ಕಳ ಕತೆ ಅದು. ಅಭಿಮಾನಿಗೊ ಕೊಟ್ಟವು, ಹಾಂಗೇ ಅದು ಹೆರ ಬಂತು. 2024ರಲ್ಲಿ ವುಡ್‌ಹೆಡ್ ಕಂಪೆನಿಯ ಬೇರೆಯವಕ್ಕೆ ಒಪ್ಪುಸಿದ°. ಇರುಳಿನ ಒಂದು ಮರುಳು 36 ವರ್ಷ ಬಾಳಿತ್ತು.

ಇದೆಲ್ಲ ನವಗೆ ಎಂತಕೆ ಕೇಳುವಿ. ಜಪಾನಿನವು ಯೂಗೊ ಸಾಕೊ, ನಮ್ಮ ದೇಶದವು ರಾಮ್ ಮೋಹನ್, ಇವೆಲ್ಲ ಸೇರಿ ರಾಮಾಯಣವ ಅನಿಮೆ ಮಾಡಿದವು, 1992ರಲ್ಲಿ. 2025ರ ಜನವರಿಲಿ ಅದು ನಮ್ಮ ದೇಶದ ಥಿಯೇಟರಿಂಗೆ ಪುನಃ ಬಪ್ಪಗ ಇಂಗ್ಲಿಷು, ಹಿಂದಿ, ತಮಿಳು, ತೆಲುಗು ಇತ್ತು. ಕನ್ನಡ ಇತ್ತಿಲ್ಲೆ. ಡಬ್ಬಿಂಗ್ ಬೇಕೋ ಬೇಡದೋ ಹೇಳ್ತ ಚರ್ಚೆ ಕನ್ನಡಲ್ಲಿ 1960ರ ದಶಕಂದ ಇಪ್ಪದು. ಇಲ್ಯಾಣ ಕಲಾವಿದರ ಹೊಟ್ಟೆಪಾಡಿನ ಹೆದರಿಕೆಯೂ ಅದರಲ್ಲಿ ಇತ್ತು. ಡಬ್ಬಿಂಗಿನ ತಡದು ನಿಲ್ಸುಲಾಗ ಹೇಳಿ 2015ರಲ್ಲಿ ದೇಶದ ಸ್ಪರ್ಧಾ ಆಯೋಗ ಹೇಳಿತ್ತು. ಆದರೆ ಅಡಿಲಿ ಬಪ್ಪ ಗೆರೆ ಆರ ಸ್ವರವನ್ನೂ ತೆಗೆತ್ತಿಲ್ಲೆ. ಮೂಲದ ಮಾತು ಹಾಂಗೇ ಕೇಳ್ತು, ಅರ್ಥ ಮಾತ್ರ ನಮ್ಮದು. ಕನ್ನಡ ಗೆರೆ ಇದ್ದರೆ ಇಂಗ್ಲಿಷು ಓದಲೆ ಎಡಿಯದ್ದ ಅಬ್ಬೆಯೂ ದೊಡ್ಡಮ್ಮನೂ ಪುಳ್ಳಿಯೊಟ್ಟಿಂಗೆ ಕೂದು ನೋಡುಗು. ಈಗ ಪುಳ್ಳಿ ಒಂದು ಕೋಣೆಲಿ, ಅಜ್ಜಿ ಇನ್ನೊಂದು ಕೋಣೆಲಿ.

ಆ ಗೆರೆ ತಾನಾಗಿ ಬತ್ತಿಲ್ಲೆ. ಆರೋ ಒಬ್ಬ ಮರುಳು ಹಿಡುದವ°, ಅಲ್ಲದ್ದರೆ ಮರುಳು ಹಿಡುದ ಕೂಸು, ಕೇಳಿ, ಅನುಮತಿ ತೆಕ್ಕೊಂಡು ಬರೆಯೆಕ್ಕಾವುತ್ತು. ಬೆಂಗ್ಳೂರಿಲಿ ಪ್ರೋಗ್ರಾಮು ಬರೆತ್ತ ನಮ್ಮ ಮಕ್ಕೊ ಇರುಳು ಅನಿಮೆ ನೋಡುವಗ ‘ಮದುವೆ ಪ್ರಾಯಲ್ಲಿ ಎಂತ ಕಾರ್ಟೂನು’ ಹೇಳಿ ಪರಂಚುವವು ಇದ್ದವು. ಅವಕ್ಕೆ ಯಂತ್ರದ ಕೆಲಸ ಗೊಂತಿದ್ದು. ಮಾತು ಗೊಂತಿಪ್ಪದು ನವಗೆ: ಗಾದೆ, ಬೈಗಳು, ಕೊಂಡಾಟ, ಎದುರುತ್ತರ, ಎಲ್ಲ. ಪಕ್ಕಲ್ಲಿ ಕೂದು ‘ಈ ಮಾತಿಂಗೆ ನಮ್ಮಲ್ಲಿ ಎಂತ ಹೇಳುಗು’ ಹೇಳಿ ಮಾತಾಡಿರೆ ಅರ್ಧ ಕೆಲಸ ಆತು.

ಸುರುವಿಂಗೆ ಆ ರಾಕ್ಷಸ ಕೂಸಿನ ಕತೆಗೇ ಒಂದು ಹೆಸರು ಬೇಕು. ಬೊಬ್ಬೆಯೂ ನಕ್ಷತ್ರವೂ ಒಂದೇ ಶಬ್ದಲ್ಲಿ ಬರೆಕ್ಕು. ಮಜ್ಜಿಗೆ ಕಡವಗಲೋ, ಪಾತ್ರೆ ತೊಳವಗಲೋ ಹೊಳದರೆ ಹೇಳಿಕ್ಕಿ.